ಉಡಾಳಿ ಎನ್ನಿಸಿಕೊಂಡ ಅತ್ತಿಗೆ

ಶಿರಸಿಯ ನಮ್ಮ ಮನೆಯಲ್ಲಿ ‘ಉಡಾಳ’ ಎಂಬ ಬೈಗುಳ ಗಂಡಸರಿಗೆ ಮಾತ್ರ ಇತ್ತು. ಶಾಲೆ ತಪ್ಪಿಸಿ ಅಲೆಯುವವನು ಉಡಾಳ, ಇಸ್ಪೀಟು ಆಡುವವನು ಉಡಾಳ, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದವನೂ ಉಡಾಳನೇ. ಅಣ್ಣನ ಮದುವೆಯಾಗಿ ಯಲ್ಲಾಪುರದಿಂದ ಅತ್ತಿಗೆ ಬಂದ ಮೇಲೆ ನನ್ನನ್ನು ಹೆತ್ತ ಆಯಿ ಆ ಶಬ್ದಕ್ಕೊಂದು ಹೆಣ್ಣು ರೂಪ ಮಾಡಿದಳು.

ಅತ್ತಿಗೆ ಪಾತ್ರೆ ತೊಳೆಯುತ್ತ ಸಿಳ್ಳೆ ಹಾಕುತ್ತಿದ್ದಳು. ಹುಬ್ಬಳ್ಳಿಯ ಮೋಟಾರು ಬಸ್ಸಿನ ಸದ್ದು ಕೇಳಿದರೆ ಒದ್ದೆ ಕೈಯಲ್ಲೇ ನಾದಿನಿಯಾದ ನನ್ನನ್ನು ಎಳೆದುಕೊಂಡು ನೋಡಲು ಓಡುತ್ತಿದ್ದಳು.

“ಒಂದು ಉಡಾಳಿ ಬಂದು ಸೇರ್ಕ್ಯಂಡ್ತು ಮನೆಗೆ,” ಎಂದಳು ಆಯಿ ಒಂದು ದಿನ.

ಅತ್ತಿಗೆಗೆ ಬೇಸರವಾಗಲಿಲ್ಲ. ಆ ಶಬ್ದ ಎಲ್ಲಿಂದ ಬಂತೆಂದು ತಿಳಿಯುವ ಹಟ ಹುಟ್ಟಿತು. ಮಾವನೆದುರು ಸೊಸೆ ಮಾತಾಡುವಂತಿರಲಿಲ್ಲ, ಹಾಗಾಗಿ ಮರಾಠಿ ಕಲಿತಿದ್ದ ನನ್ನ ಅಪ್ಪಯ್ಯನನ್ನು ಕೇಳಲು ನನ್ನನ್ನು ಕಳಿಸಿದಳು.

“ಮರಾಠಿಯ ‘ಉಧಳಣೆ’ಯಿಂದ ಬಂದಿರವು. ಹೇಳಿರೆ, ಕೈಲಿದ್ದದ್ದೆಲ್ಲ ಚೆಲ್ಲಾಡದು,” ಎಂದ ಅಪ್ಪಯ್ಯ.

“ಚೆಲ್ಲಲೆ ಎನ್ನ ಕೈಲಿ ಎಂತ ಇದ್ದು?” ಎಂದು ಅತ್ತಿಗೆ ಅಡುಗೆಮನೆಯಲ್ಲಿ ನಕ್ಕಳು.

ಬೇಲಿಯಾಚೆ, ಬಾಡಿಗೆ ಗಾಡಿ ಹೊಡೆಯುವ ಸಾಬರ ಮನೆಯಿತ್ತು. ಅತ್ತಿಗೆ ಆ ಮನೆಯ ಮುದುಕಿಯನ್ನು ಕೇಳಿದಾಗ ಅವಳು, “ನಮ್ ಮಾತಲ್ಲಿ ಉಡ್ನಾ ಅಂದ್ರೆ ಹಾರೋದು, ಮಗಳೇ. ಒಂದ್ ಕಡೆ ಕೂರದೋರಿಗೆ ಹಂಗಂತಾರೆ,” ಎಂದಳು. ಯಾವುದು ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಮುದುಕಿಯ ಮಾತಿಗೆ ಅತ್ತಿಗೆಯ ಮುಖ ಅರಳಿದ್ದು ಮಾತ್ರ ಕಣ್ಣಲ್ಲಿದೆ.

ಮುಂದೆ ಅಣ್ಣನಿಗೆ ಕಾರವಾರದ ಕಚೇರಿಗೆ ವರ್ಗವಾಯಿತು. ಅವಳೂ ಹೋದಳು. ಮೋಟಾರು ಬಂದರೂ ನಾನು ಎದ್ದು ಹೋಗುತ್ತಿರಲಿಲ್ಲ. ಪಾತ್ರೆ ತೊಳೆಯುವಲ್ಲಿಗೆ ಹೋದ ಆಯಿ ಒಮ್ಮೊಮ್ಮೆ ಸಿಳ್ಳೆಗೆ ಕಾದವಳಂತೆ ನಿಂತುಬಿಡುತ್ತಿದ್ದಳು.

ಎರಡು ವರ್ಷದ ಮೇಲೆ ದೀಪಾವಳಿಗೆ ಅತ್ತಿಗೆ ಬಂದಳು. ಸೆರಗು ಹೊದ್ದು ಮೆಲ್ಲಗೆ ನಡೆಯುತ್ತಿದ್ದಳು. ಕೇಳಿದ್ದಕ್ಕಷ್ಟೇ ಮಾತು. ಆಯಿ ಹಬ್ಬ ಮುಗಿಯುವ ತನಕ ನೋಡಿ, ಕಡೆಗೆ ಒಲೆಯ ಮುಂದೆ ಕೇಳಿದಳು: “ಎಂತಕ್ಕೆ ಕೂಸೇ, ಮೈ ಹುಷಾರಿಲ್ಯ?”

“ಹುಷಾರಿದ್ದಿ ಅತ್ತೆ. ಅಲ್ಲಿ ಸುತ್ತಲೂ ಕಚೇರಿ ಸಾಹೇಬ್ರ ಮನೆ. ಗಂಭೀರ ಇರವು ಹೇಳಿ ನಮ್ಮನೆಯವು ಹೇಳ್ತ. ರೂಢಿ ಆತು.”

“ಇಲ್ಲಿ ಯಾವ ಸಾಹೇಬ್ರೂ ಇಲ್ಲೆ,” ಎಂದಳು ಆಯಿ.

ಅತ್ತಿಗೆ ತಲೆ ತಗ್ಗಿಸಿ ನಕ್ಕಳು, ಹಲ್ಲು ಕಾಣದಂತೆ.

ಮರುವರ್ಷ ನನ್ನನ್ನು ಸಿದ್ದಾಪುರಕ್ಕೆ ಮದುವೆ ಮಾಡಿ ಕೊಟ್ಟರು. ಆಮೇಲೆ ನಾವಿಬ್ಬರೂ ಶಿರಸಿಯಲ್ಲಿ ಒಟ್ಟಿಗೆ ಇದ್ದದ್ದು ಕಡಿಮೆ. ಇದ್ದಾಗ ಮಕ್ಕಳ ಮಾತು, ಉಪ್ಪಿನಕಾಯಿಯ ಮಾತು. ಅವಳು ಎದುರಿಗೇ ಕೂತು ತರಕಾರಿ ಹೆಚ್ಚುತ್ತಿದ್ದರೂ ಆ ಹಳೆಯ ಉಡಾಳಿಯನ್ನು ನೆನೆದು ನನಗೆ ಹಂಬಲವಾಗುತ್ತಿತ್ತು.