ಪೂಜೆಗಿಟ್ಟ ಪಿಸ್ತೂಲು

ಗೌರಾದೇವಿ ನನಗೆ ಮನೆ ಕೊಡಿಸಿದವಳು. ಗೆಳತಿಯಾದದ್ದು ಆಮೇಲೆ. ಅವಳು ತೋರಿಸಿದ ಹದಿನೇಳು ಮನೆಗಳಿಗೆ ನಾನು ಮೂಗು ಮುರಿದೆ. ಹದಿನೆಂಟನೆಯ ಮನೆಯ ಹೊಸ್ತಿಲಲ್ಲಿ ನಿಂತು, "ಬಾಗಿಲು ಪೂರ್ವಕ್ಕಿದೆ, ಒಲೆ ಆಗ್ನೇಯಕ್ಕಿದೆ, ದೇವರನ್ನ ಇಡೋಕೆ ಈಶಾನ್ಯ ಮೂಲೆ ಇದೆ. ಇನ್ನು ನಿನ್ನ ತಲೆಯ ವಾಸ್ತು ಒಂದನ್ನ ಸರಿ ಮಾಡೋಕೆ ನನ್ನ ಕೈಲಿ ಆಗಲ್ಲ" ಎಂದಳು. ನಾನು ಅಲ್ಲೇ ಸಹಿ ಹಾಕಿದೆ.

ಅವಳು ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಗಂಡ ಅಶ್ವತ್ಥನಾರಾಯಣನಿಗೆ ಅಮೆರಿಕದಲ್ಲಿ, ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಇಲ್ಲಿಗೆ ಬಂದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತು, ಪರೀಕ್ಷೆ ಪಾಸು ಮಾಡಿಕೊಂಡು, ಮನೆ ಮಾರಿಸುವ ಏಜೆಂಟ್ ಆದಳು. ಬೆಲ್ವ್ಯೂ, ರೆಡ್ಮಂಡ್ ಕಡೆ ಕೆಲಸಕ್ಕೆಂದು ಬರುತ್ತಿದ್ದ ನಮ್ಮವರಿಗೆಲ್ಲ ಅವಳೇ ಬೇಕು. ಬೀಗದ ಕೈಗಳ ಗೊಂಚಲಿನಲ್ಲಿ ಒಂದು ದಿಕ್ಸೂಚಿ ನೇತುಹಾಕಿಕೊಂಡಿದ್ದಳು. ಅದನ್ನು ಹಿಡಿದು ಅವಳು ಅಡುಗೆಮನೆಯ ಮಧ್ಯೆ ನಿಂತರೆ ಅಮೆರಿಕದ ಏಜೆಂಟರು, ಇವಳೇನು ಹಡಗು ನಡೆಸುತ್ತಾಳೋ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಇಂಥವಳು ಮೂರು ವರ್ಷ ಕೈಚೀಲದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡಿದಳು. ಅದು ಹೇಗೆ ಬಂತು ಎಂದು ಮೊದಲು ಹೇಳಿಬಿಡುತ್ತೇನೆ.

2004ರ ಮಾರ್ಚ್. ಬೆಳಿಗ್ಗೆ ಹನ್ನೊಂದು ಗಂಟೆ. ಫೋನ್ ಮಾಡಿ ಬಂದಿದ್ದ ಒಬ್ಬ ಗಿರಾಕಿಗೆ ಖಾಲಿ ಮನೆಯೊಂದನ್ನು ತೋರಿಸುತ್ತಿದ್ದಳು. ಒಳ್ಳೆಯ ಬಟ್ಟೆ, ನಯವಾದ ಮಾತು. ಮಹಡಿಯ ಕೋಣೆ ನೋಡಬೇಕು, ನೀವೂ ಬನ್ನಿ, ಕೇಳುವುದಿದೆ ಎಂದ. ಇವಳಿಗೆ ಯಾಕೋ ಮನಸ್ಸಾಗಲಿಲ್ಲ. ಆದರೆ ಬರುವುದಿಲ್ಲ ಎಂದರೆ ಪಾಪ ಏನಂದುಕೊಳ್ಳುತ್ತಾನೋ ಎಂದು ಹೋದಳು. ನಮ್ಮ ಕಡೆಯ ಹೆಂಗಸರನ್ನು ಹಾಳು ಮಾಡಿರುವುದು ಈ ದಾಕ್ಷಿಣ್ಯವೇ. ಕೋಣೆಗೆ ಹೋದ ಮೇಲೆ ಅವನು ಬಾಗಿಲು ಮುಚ್ಚಿ ಚಿಲಕ ತಿರುಗಿಸಿದ. ಅವನು ಏನು ಹೇಳಿದ ಎಂದು ಅವಳು ನನಗೆ ಇವತ್ತಿನವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ. ಆ ಕೋಣೆಯ ಬಚ್ಚಲಿಗೆ ಪಕ್ಕದ ಕೋಣೆಯ ಕಡೆಗೂ ಒಂದು ಬಾಗಿಲಿತ್ತು. ಮನೆಯ ನಕ್ಷೆ ಇವಳಿಗೆ ಬಾಯಿಪಾಠ. ಆ ಬಾಗಿಲಿನಿಂದ ನುಗ್ಗಿ, ಮೆಟ್ಟಿಲಿಳಿದು, ಒಂದೇ ಚಪ್ಪಲಿಯಲ್ಲಿ ಬೀದಿಗೆ ಓಡಿದಳು. ಪೊಲೀಸರು ಬಂದರು. ಅವನು ಕೊಟ್ಟಿದ್ದ ಹೆಸರು, ನಂಬರು ಎರಡೂ ಸುಳ್ಳು. ಅವನು ಸಿಗಲೇ ಇಲ್ಲ.

ನಾಲ್ಕು ತಿಂಗಳು ಅವಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ಪೊಲೀಸ್ ಠಾಣೆಗೆ ಹೋಗಿ ಬೆರಳಚ್ಚು ಕೊಟ್ಟು, ಮರೆಯಾಗಿ ಪಿಸ್ತೂಲು ಒಯ್ಯುವ ಲೈಸೆನ್ಸಿಗೆ ಅರ್ಜಿ ಹಾಕಿದಳು. ಅದನ್ನು ಹಿಡಿಯಲು, ಗುರಿಯಿಡಲು ಆರು ವಾರ ಕಲಿತಳು. ನನಗೆ ಬಂದೂಕು ಎಂದರೆ ಮೈ ಉರಿಯುತ್ತದೆ. "ನಮ್ಮನೆ ಹೊಸ್ತಿಲು ದಾಟಿಸಬೇಡ ಅದನ್ನ" ಎಂದು ಮುಖಕ್ಕೆ ಹೊಡೆದಂತೆ ಹೇಳಿದೆ. ಆದರೂ ಸುಳ್ಳು ಹೇಳಬಾರದು. ನನ್ನ ಸಮಾಧಾನದ ಮಾತು, ಗಂಡನ ಓಲೈಕೆ, ಡಾಕ್ಟರ ಮಾತ್ರೆ ಇವು ಯಾವುವೂ ಮಾಡದ ಕೆಲಸವನ್ನು ಆ ಪಿಸ್ತೂಲು ಮಾಡಿತು. ಅವಳು ಮತ್ತೆ ಕಾರು ಹತ್ತಿದಳು, ಮನೆ ತೋರಿಸತೊಡಗಿದಳು.

ಆದರೆ ಆ ಸಾಮಾನು ತನ್ನ ಬಾಡಿಗೆಯನ್ನೂ ವಸೂಲಿ ಮಾಡಿತು. ಅವಳ ಬಲಗೈ ಯಾವಾಗಲೂ ಚೀಲದ ಬಾಯಿಯ ಮೇಲೆ. ಗಿರಾಕಿಗಳ ಕೈಯನ್ನು ಎಡಗೈಯಲ್ಲಿ ಕುಲುಕುತ್ತಿದ್ದಳು. ನಮ್ಮ ಮನೆಗೆ ಬರುವಾಗ ನನ್ನ ಮಾತಿಗೆ ಬೆಲೆ ಕೊಟ್ಟು ಅದನ್ನು ಮನೆಯಲ್ಲೇ ಬೀಗ ಹಾಕಿ ಇಟ್ಟು ಬರುತ್ತಿದ್ದಳು, ನಿಜ. ಆದರೆ ವರಮಹಾಲಕ್ಷ್ಮಿ ಹಬ್ಬದ ದಿನ ತಾಂಬೂಲ ಕೊಡಲು ಹೋದರೆ ಎಡಗೈ ಒಡ್ಡಿದಳು. ಬಲಗೈ ಖಾಲಿ ಚೀಲವನ್ನು ಒತ್ತಿ ಹಿಡಿದುಕೊಂಡಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

2006ರ ಬೇಸಿಗೆಯಲ್ಲಿ ಅವಳ ಮಗಳು ನಿಸರ್ಗ ಪೆನ್ನು ಬೇಕೆಂದು ಅಮ್ಮನ ಚೀಲಕ್ಕೆ ಕೈ ಹಾಕಿದಳು. ಗೌರಾದೇವಿ ಕಿರುಚಿಕೊಂಡು ಆ ಕೈಗೆ ಬಾರಿಸಿದ ಹೊಡೆತಕ್ಕೆ ಹನ್ನೆರಡು ವರ್ಷದ ಹುಡುಗಿಯ ಮಣಿಕಟ್ಟು ಬಾತುಕೊಂಡಿತು. "ಮಾಮ್, ಐ ಜಸ್ಟ್ ವಾಂಟೆಡ್ ಎ ಪೆನ್" ಎಂದಿತಂತೆ ಮಗು. ಅವತ್ತು ಸಂಜೆ ನಮ್ಮ ಅಡುಗೆಮನೆಯಲ್ಲಿ ಕೂತು ಗೌರಾದೇವಿ ಬಿಕ್ಕಿ ಬಿಕ್ಕಿ ಅತ್ತಳು.

"ಅದಿಲ್ದೆ ಹೊರಗೆ ಹೋಗೋಕಾಗಲ್ಲ ಕಣೇ. ಅದನ್ನಿಟ್ಕೊಂಡು ಮನೇಲಿರೋಕೂ ಆಗ್ತಿಲ್ಲ. ಡಿಸೆಂಬರ್‌ಗೆ ಕೆಲಸ ಬಿಟ್ಬಿಡ್ತೀನಿ. ಏಜೆಂಟ್ ಲೈಸೆನ್ಸ್ ರಿನ್ಯೂ ಮಾಡಿಸಲ್ಲ."

ಅಷ್ಟು ಇಷ್ಟಪಟ್ಟು ಕಟ್ಟಿಕೊಂಡ ಕೆಲಸ. ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ.

ಸೆಪ್ಟೆಂಬರಿನಲ್ಲಿ ಅವಳ ಅತ್ತೆ ರಾಧಮ್ಮನವರು ಮಳವಳ್ಳಿ ಕಡೆಯ ಊರಿನಿಂದ ಆರು ತಿಂಗಳಿಗೆಂದು ಬಂದರು. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಈಳಿಗೆಮಣೆ ಸುತ್ತಿಕೊಂಡು ಬಂದ ಗಟ್ಟಿಗಿತ್ತಿ. ಸೊಸೆಯ ಪಿಸ್ತೂಲನ್ನು ನೋಡಿ ಆಕೆ ಹೌಹಾರಿ ಕೂಗಾಡುತ್ತಾರೆ ಎಂದು ನಾನು ಆಸೆಯಿಂದ ಕಾದಿದ್ದೆ. ಆದರೆ ಅವರ ತಂದೆ ಪಟೇಲರಂತೆ, ಮನೆಯಲ್ಲಿ ಜೋಡುನಳಿಗೆ ಕೋವಿ ಇತ್ತಂತೆ. ಪಿಸ್ತೂಲನ್ನು ಒಂದು ಸಲ ನೋಡಿ, "ಇಷ್ಟೇಯಾ? ಇದ್ರಲ್ಲಿ ಹಂದಿ ಹೊಡಿಯಕ್ಕಾದದಾ?" ಎಂದರು. ನನ್ನ ಆಸೆಗೆ ತಣ್ಣೀರು ಬಿತ್ತು.

ಆ ವರ್ಷ ಆಯುಧಪೂಜೆ ಭಾನುವಾರ ಬಂದಿತ್ತು. ಬೆಳಿಗ್ಗೆ ನಾನೂ ಹೋಗಿದ್ದೆ. ಅಶ್ವತ್ಥನಾರಾಯಣ ತನ್ನ ಉಪಕರಣದ ಪೆಟ್ಟಿಗೆ, ಲ್ಯಾಪ್‌ಟಾಪು, ನಿಸರ್ಗಳ ಕ್ಯಾಲ್ಕುಲೇಟರು, ಗೌರಾದೇವಿಯ ದಿಕ್ಸೂಚಿ, ಅಮ್ಮನ ಈಳಿಗೆಮಣೆ ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಜೋಡಿಸಿದ್ದ. ರಾಧಮ್ಮನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು.

"ಚೆನ್ನಾಗದೆ ನಿಮ್ ಆಯುಧಪೂಜೆ! ಮನೇಲಿರೋ ಒಂದೇ ಒಂದ್ ಆಯುಧನ ಚೀಲ್ದಲ್ಲಿ ಬಿಟ್ಟು ಸುತ್ತಿಗೆಗೆ ಕುಂಕುಮ ಇಕ್ತೀರಾ? ತತ್ತಾ ಅದ್ನೂವೆ, ಇಲ್ಲಿ ಮಡಗು."

ಗೌರಾದೇವಿ ಪಿಸ್ತೂಲಿನಿಂದ ಗುಂಡು ತೆಗೆದು, ಖಾಲಿಯಾಗಿದೆಯೇ ಎಂದು ಎರಡೆರಡು ಸಲ ನೋಡಿ, ಅದರ ಬೀಗದ ಡಬ್ಬಿಯಲ್ಲಿ ಮಲಗಿಸಿ ದೇವರ ಮುಂದಿಟ್ಟಳು. ನಾನು ಜಾಗ ಬದಲಾಯಿಸಿ ಬಾಗಿಲ ಹತ್ತಿರ ಕೂತೆ. ರಾಧಮ್ಮನವರು ಅದಕ್ಕೆ ಗಂಧ ಹಚ್ಚಿ, ಕುಂಕುಮವಿಟ್ಟು, ಒಂದು ಸೇವಂತಿಗೆ ಏರಿಸಿದರು. ಮಂಗಳಾರತಿಯಾಯಿತು. ಕಾರುಗಳ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಹೋಳಿಗೆ ಊಟವಾಯಿತು. ಹನ್ನೆರಡು ದಾಟಿದ ಮೇಲೆ ಗೌರಾದೇವಿ ಎದ್ದು ಡಬ್ಬಿಗೆ ಕೈ ಹಾಕಿದಳು.

"ಮುಟ್‌ಬ್ಯಾಡ!" ಎಂದರು ರಾಧಮ್ಮ.

"ಅತ್ತೆ, ಒಂದು ಗಂಟೆಗೆ ಡುವಾಲ್‌ನಲ್ಲಿ ಓಪನ್ ಹೌಸ್ ಇದೆ. ನಾಲ್ಕು ಗಂಟೆವರೆಗೂ ಮನೆ ಬಾಗಿಲು ತೆಗೆದಿಟ್ಕೊಂಡು ಕೂತಿರಬೇಕು. ಯಾರು ಬೇಕಾದ್ರೂ ಒಳಗೆ ಬರಬಹುದು. ಇದಿಲ್ದೆ ನಾನು ಹೋಗಲ್ಲ."

"ಪೂಜೆಗ್ ಮಡಗಿದ್ದನ್ನ ಅವತ್ತೇ ತಗೀತಾರಾ ಯಾರಾರ? ನಾಳೆ ದಶಮಿ. ಪೂಜೆ ಮಾಡಿ ಕದಲಿಸಿದ್ ಮ್ಯಾಲೆ ತಗೊ. ಇವತ್ತು ಅದ್ಕೂ ರಜ."

ಅಶ್ವತ್ಥನಾರಾಯಣ ಹೆಂಡತಿಯ ಪರ ವಕಾಲತ್ತಿಗೆ ಬಂದ. "ಅಮ್ಮ, ಕಾರಿಗೂ ಪೂಜೆ ಮಾಡಿದೀವಲ್ಲ, ಅದನ್ನ ಮಾತ್ರ ಓಡಿಸಬಹುದಾ?"

"ಕಾರ್ನ ನಿಂಬೆಹಣ್ ಮ್ಯಾಲೆ ಹತ್ಸಾಯ್ತಲ್ಲಪ್ಪ. ಎಲ್ಲಿ, ಪಿಸ್ತೂಲ್ನೂ ಹತ್ಸು ನೋಡವ."

ವಕೀಲರು ತೆಪ್ಪಗಾದರು. ಗೌರಾದೇವಿ ಮನಸ್ಸು ಮಾಡಿದ್ದರೆ ತೆಗೆದುಕೊಂಡು ಹೋಗಬಹುದಿತ್ತು, ಯಾರೂ ಅವಳ ಕೈ ಕಟ್ಟಿರಲಿಲ್ಲ. ಆದರೆ ಸರಸ್ವತಿ ಪೂಜೆಗಿಟ್ಟ ಪುಸ್ತಕವನ್ನು ಪರೀಕ್ಷೆಯಿದ್ದರೂ ಮುಟ್ಟದೆ ಬೆಳೆದವಳು. ಕುಂಕುಮವಿಟ್ಟ ಆ ಕಬ್ಬಿಣವನ್ನು ನೋಡುತ್ತ ನಿಂತಳು. ದೇವರಿಗೆ ಹೆದರಿದಳೋ ಅತ್ತೆಗೋ, ಕೈ ಹಿಂದಕ್ಕೆ ಎಳೆದುಕೊಂಡಳು. "ಹಾಗಾದ್ರೆ ಕ್ಯಾನ್ಸಲ್ ಮಾಡ್ತೀನಿ" ಎಂದು ಫೋನು ಎತ್ತಿಕೊಂಡಳು.

"ಯಾಕ್ ಒಬ್ಳೇ ಹೋಗ್ಬೇಕು ನೀನು?" ಎಂದರು ರಾಧಮ್ಮ. "ನಾನಿಲ್ವಾ? ಇವ್ಳಿಲ್ವಾ?"

ಇವಳು ಎಂದರೆ ನಾನು. ಮೂರು ಹೋಳಿಗೆ ತಿಂದ ಹೊಟ್ಟೆ ಒರಗುವ ಜಾಗ ಹುಡುಕುತ್ತಿತ್ತು. ಆದರೂ ದಾಕ್ಷಿಣ್ಯಕ್ಕೆ ಹೂಂ ಎಂದೆ.

ಡುವಾಲ್‌ನ ಕಣಿವೆಯಲ್ಲಿ ಕುಂಬಳಕಾಯಿಗಳು ಹೊಲದ ತುಂಬ ಕೂತಿದ್ದವು. ಮನೆ ಜಲ್ಲಿಕಲ್ಲಿನ ದಾರಿಯ ಕೊನೆಯಲ್ಲಿತ್ತು, ಸುತ್ತ ದೊಡ್ಡ ಮರಗಳು, ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆಯಿಲ್ಲ. ರಾಧಮ್ಮನವರು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಕಡಲೆಕಾಳು ಉಸಲಿಯ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತರು. ನವರಾತ್ರಿಯಲ್ಲಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದಂತೆ. ಬಂದ ಎರಡು ಸಂಸಾರಗಳು ಮನೆ ನೋಡಿದ್ದಕ್ಕಿಂತ ಉಸಲಿ ತಿಂದದ್ದೇ ಹೆಚ್ಚು.

ಮುಗಿಯಲು ಕಾಲು ಗಂಟೆ ಇದೆ ಎನ್ನುವಾಗ ಒಂದು ಪಿಕಪ್ ಬಂದು ನಿಂತಿತು. ಒಬ್ಬನೇ ಇಳಿದ. ಬಾಗಿಲು ತುಂಬುವಂಥ ಆಳು, ಗಡ್ಡ, ಕೆಸರಿನ ಬೂಟು. ಮನೆಯೆಲ್ಲ ನೋಡಿ ಬಂದು, ನೆಲಮಾಳಿಗೆ ನೋಡಬೇಕು, ನೀವೂ ಬನ್ನಿ, ಒಂದೆರಡು ಕೇಳುವುದಿದೆ ಎಂದ.

ಹೆಚ್ಚುಕಡಿಮೆ ಅವತ್ತಿನದೇ ಮಾತು. ಗೌರಾದೇವಿಯ ಬಲಗೈ ಚೀಲದೊಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದಳು, ಮಾತು ಹೊರಡಲಿಲ್ಲ. ನಾನಾದರೂ ಏನಾದರೂ ಹೇಳಬೇಕಿತ್ತು.

ಇಂಗ್ಲಿಷ್ ಒಂದಕ್ಷರ ಬಾರದ ರಾಧಮ್ಮ ಕೂತಲ್ಲಿಂದಲೇ ಕೇಳಿದರು. "ಏನಂತೆ ಅವನ್ಗೆ?"

"ಕೆಳಗೆ... ಜೊತೇಲಿ ಬಾ ಅಂತಿದಾನೆ, ಅತ್ತೆ."

"ನಿಂಗ್ ಹೋಗಕ್ ಇಷ್ಟವಾ?"

"ಇಲ್ಲ."

"ಮತ್ತೆ ಇಲ್ಲ ಅನ್ನು! ನಂಗ್ ಹೇಳ್ದಂಗೇ ಅವನ್ಗೂ ಹೇಳು. ದಾಕ್ಷಿಣ್ಯಕ್ಕೆ ಯಾರಾರ ಬಸುರಾಯ್ತಾರಾ?"

ಗೌರಾದೇವಿಯ ಗಂಟಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡೆ, ನಗು. ಅವಳು ಚೀಲದಿಂದ ಕೈ ತೆಗೆದಳು. ಬೆನ್ನು ನೆಟ್ಟಗಾಯಿತು. ಆಮೇಲೆ ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಇಲ್ಲ. ಗಿರಾಕಿಗಳ ಜೊತೆ ನಾನು ನೆಲಮಾಳಿಗೆಗೆ ಇಳಿಯುವುದಿಲ್ಲ. ಸ್ವಿಚ್ಚು ಎಡಗಡೆ ಇದೆ. ನೀವು ಹೋಗಿ, ಕೇಳುವುದನ್ನು ಅಲ್ಲಿಂದಲೇ ಕೇಳಿ, ನಾನು ಇಲ್ಲಿಂದ ಹೇಳುತ್ತೇನೆ.

ಆ ಮನುಷ್ಯ ಕಿವಿಯವರೆಗೂ ಕೆಂಪಾದ. ಟೋಪಿ ತೆಗೆದ. ತನಗೇ ಹೊಳೆಯಬೇಕಿತ್ತು, ತನ್ನ ಹೆಂಡತಿಯಾಗಿದ್ದರೂ ಇದನ್ನೇ ಹೇಳುತ್ತಿದ್ದಳು ಎಂದು ಹೇಳಿ ಒಬ್ಬನೇ ಇಳಿದುಹೋದ. ಕೆಳಗಿನಿಂದ ನೀರಿನ ಹೀಟರು ಎಷ್ಟು ಹಳೆಯದು ಎಂದು ಕೂಗಿದ. ಮೇಲಿನಿಂದ ಇವಳು ಉತ್ತರ ಕೊಟ್ಟಳು. ಹೈಸ್ಕೂಲಿನ ಕೊನೆಯ ಬೆಂಚಿಗೂ ಕೇಳಿಸುವ ದನಿ. ಹದಿನೆಂಟನೆಯ ಮನೆಯ ಹೊಸ್ತಿಲಲ್ಲಿ ನಾನು ಕೇಳಿದ್ದ ಆ ದನಿ ಎರಡೂವರೆ ವರ್ಷದ ಮೇಲೆ ವಾಪಸು ಬಂದಿತ್ತು. ನನ್ನ ಕಣ್ಣು ತುಂಬಿಕೊಂಡವು. ಮನೆಯನ್ನು ಅವನು ಕೊಳ್ಳಲಿಲ್ಲ. ಉಸಲಿ ಮಾತ್ರ ಎರಡು ಸಲ ಹಾಕಿಸಿಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಅವಳು ಮೆಲ್ಲಗೆ ಹೇಳಿದಳು. "ಅವತ್ತೂ ನಂಗೆ ಗೊತ್ತಿತ್ತು ಕಣೇ, ಮೇಲೆ ಹೋಗಬಾರದು ಅಂತ. ಹೇಳೋಕಾಗಲಿಲ್ಲ."

"ಬಾಗಿಲ ಚಿಲಕ ಹಾಕಿದವನು ಅವನು, ನೀನಲ್ಲ" ಎಂದು ನಾನು ರೇಗಿದೆ. ರಾಧಮ್ಮನವರು ಹಿಂದಿನ ಸೀಟಿನಲ್ಲಿ ಆಗಲೇ ಗೊರಕೆ ಹೊಡೆಯುತ್ತಿದ್ದರು.

ಮಾರನೆಯ ದಿನ ಪೂಜೆ ಕದಲಿಸಿದ ಮೇಲೆ ಅವಳು ಪಿಸ್ತೂಲಿನ ಕುಂಕುಮ ಒರೆಸಿ ಮತ್ತೆ ಚೀಲಕ್ಕೆ ಹಾಕಿಕೊಂಡಳು. ನನಗೆ ನಿರಾಸೆಯಾಯಿತು. ಆದರೆ ಎರಡೂವರೆ ವರ್ಷದ ಭಯ ಒಂದು ಭಾನುವಾರಕ್ಕೆ ಕಂಬಿ ಕೀಳಲು ಇದೇನು ಸಿನಿಮಾವೇ? ಬದಲಾದದ್ದು ಬೇರೆ. ಅವಳು ಫೋನಿನಲ್ಲೇ ಗಿರಾಕಿಗಳಿಗೆ ತನ್ನ ನಿಯಮ ಹೇಳತೊಡಗಿದಳು. ನೀವು ಮುಂದೆ, ನಾನು ಬಾಗಿಲಲ್ಲಿ. ಒಪ್ಪದಿದ್ದರೆ ಬೇರೆ ಏಜೆಂಟರನ್ನು ನೋಡಿಕೊಳ್ಳಿ. ಓಪನ್ ಹೌಸಿಗೆ ಒಬ್ಬಳೇ ಹೋಗುವುದು ನಿಂತಿತು. ಅತ್ತೆ ಊರಿಗೆ ಹೊರಡುವವರೆಗೂ ಪ್ರತಿ ಭಾನುವಾರ ಕುರ್ಚಿ ಹಾಕಿಕೊಂಡು ಕೂತರು. ಆಮೇಲೆ ಅವಳ ಕಚೇರಿಯ ಇನ್ನೂ ಮೂವರು ಹೆಂಗಸರು ಸೇರಿಕೊಂಡು ಸರದಿ ಹಾಕಿಕೊಂಡರು. ಆ ಸರದಿಯಲ್ಲಿ ನನ್ನ ಹೆಸರೂ ಇದೆ. ಕೇಳಿದಾಗ ಬೇಡ ಎನ್ನಲು ನಾನಿನ್ನೂ ಕಲಿತಿಲ್ಲ.

ಡಿಸೆಂಬರ್ ಬಂತು, ಹೋಯಿತು. ಅವಳು ಏಜೆಂಟ್ ಲೈಸೆನ್ಸ್ ರಿನ್ಯೂ ಮಾಡಿಸಿದಳು. ಪಿಸ್ತೂಲು ಕೆಲವು ದಿನ ಚೀಲದಲ್ಲಿ, ಕೆಲವು ದಿನ ಡಬ್ಬಿಯಲ್ಲಿ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಅವಳು ಬಲಗೈ ಚಾಚಿ ತೆಗೆದುಕೊಂಡಳು. ನಾನು ಕಬ್ಬಿನ ತುಂಡು ಒಂದು ಹೆಚ್ಚಿಗೆ ಇಟ್ಟೆ.

ಮರುವರ್ಷದ ಆಯುಧಪೂಜೆಗೆ ಅವಳು ಯಾರೂ ಹೇಳದೆಯೇ ಪಿಸ್ತೂಲನ್ನು ಖಾಲಿ ಮಾಡಿ ಕುಂಕುಮವಿಟ್ಟಳು. ಮಂಗಳಾರತಿಯಾದ ಮೇಲೆ ಡಬ್ಬಿಗೆ ಬೀಗ ಹಾಕಿ, ಅದರ ಮೇಲೊಂದು ಹೂವಿಟ್ಟು ದೇವರ ಗೂಡಿನಲ್ಲಿ ಇಟ್ಟಳು. ಅದಾದ ಮೇಲೆ ಸೀಗೆ ಹುಣ್ಣಿಮೆಯ ಬೆಳಿಗ್ಗೆ ನನಗೆ ಅವಳ ಫೋನ್ ಬಂತು.

"ಈಗ ಅತ್ತೆ ಕಾಲ್ ಮಾಡಿದ್ರು. ಪಿಸ್ತೂಲ್ನ ಕದಲಿಸಿದ್ಯೇನವ್ವ ಅಂತ ಕೇಳಿದ್ರು. ಆರು ದಿನ ಆಯ್ತು ಕಣೇ, ಇನ್ನೂ ಗೂಡಲ್ಲೇ ಇದೆ. ಅಷ್ಟರಲ್ಲಿ ಒಂಬತ್ತು ಮನೆ ತೋರಿಸಿದೀನಿ. ನೆನಪೇ ಆಗಲಿಲ್ಲ ನಂಗೆ."

"ಈಗೇನು ಮಾಡ್ತೀಯಾ?" ಎಂದೆ.

"ಹೂವು ಒಣಗಿದೆ, ತೆಗೀತೀನಿ. ಡಬ್ಬಿ ಅಲ್ಲೇ ಇರ್ಲಿ. ಹನ್ನೊಂದಕ್ಕೆ ಒಬ್ಬರಿಗೆ ಮನೆ ತೋರಿಸಬೇಕು, ಲೇಟಾಗತ್ತೆ, ಇಡ್ತೀನಿ" ಎಂದು ಫೋನಿಟ್ಟಳು.