ಇಲಿಯಮ್ಮನ ಸತ್ತ ಮೂಗು

ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಇಲಿಯಮ್ಮ ಎನ್ನುತ್ತಿದ್ದರು. ತಮಾಷೆಗೆ ಇಟ್ಟ ಹೆಸರಾದರೂ ಆಕೆಗೆ ಬೇಸರವಿರಲಿಲ್ಲ. ಸಾಕಿದ್ದು ಇಲಿಗಳನ್ನೇ ತಾನೆ? ಗೋಡೆಯುದ್ದಕ್ಕೂ ಜೋಡಿಸಿದ ಪ್ಲಾಸ್ಟಿಕ್ ಪೆಟ್ಟಿಗೆಗಳು, ಒಳಗೆ ಮರದ ಹೊಟ್ಟಿನ ಹಾಸಿಗೆ, ಅದರ ಮೇಲೆ ಬಿಳಿ ಇಲಿಗಳ ಸಂಸಾರ. ಕಾಳು, ನೀರು ಹಾಕುವುದಕ್ಕಿಂತ ದೊಡ್ಡ ಕೆಲಸ ಮೂಸುವುದು. ಮುಚ್ಚಳ ತೆಗೆದು ಮೂಸಬೇಕು, ಮೂತ್ರದ ಘಾಟು ಏರಿದ್ದರೆ ಹಾಸಿಗೆ ಬದಲಿಸಬೇಕು.

ಆ ಮೂಗೇ ಕಳೆದ ಚಳಿಗಾಲದ ಜ್ವರದಲ್ಲಿ ಸತ್ತುಹೋಗಿತ್ತು. ಸೋಪೂ ಒಂದೇ, ಕೊಳೆತ ತರಕಾರಿಯೂ ಒಂದೇ. ಗಂಡ ತೀರಿಕೊಂಡ ಮನೆ, ಮಗಳದ್ದು ಇನ್ನೂ ಕಾಯಂ ಆಗದ ನೌಕರಿ. ಇದೂ ಹೋದರೆ ಈ ವಯಸ್ಸಿನಲ್ಲಿ ಯಾರು ಕರೆದು ಕೆಲಸ ಕೊಡುತ್ತಾರೆ? ಆಕೆ ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮೂಸಿದ ಹಾಗೆ ನಟಿಸುವುದು, ಕಣ್ಣು ಮಾತ್ರ ಇಲಿಗಳ ಮೇಲೆ. ಅವು ಮೂತ್ರ ಮಾಡುವ ಮೂಲೆ ಬಿಟ್ಟು ಒಂದೇ ಕಡೆ ಗುಂಪುಗೂಡಿದರೆ ಹಾಸಿಗೆ ಕೆಟ್ಟಿದೆ ಎಂದರ್ಥ. ಹೀಗೆ ಇಲಿಗಳ ಮೂಗಿನಲ್ಲೇ ದಿನ ದೂಡುತ್ತಿದ್ದಳು. ಎದೆಯಲ್ಲಿ ಮಾತ್ರ ಸದಾ ಅವಲಕ್ಕಿ ಕುಟ್ಟಿದಂತೆ.

ಅದೂ ಎಂಥ ಕಡೆ ಕೆಲಸ! ಅಲ್ಲಿನ ಡಾಕ್ಟರಮ್ಮ ಸಂಶೋಧನೆ ಮಾಡುತ್ತಿದ್ದದ್ದೇ ವಾಸನೆಯ ಮೇಲೆ. ಒಮ್ಮೆ ಇಲಿಯಮ್ಮ ಹೆದರುತ್ತಲೇ ಕೇಳಿದ್ದಳು, "ನಮಗೂ ಇಲಿಗೂ ಏನು ಹೋಲಿಸಿ ನೋಡ್ತೀರ ಮೇಡಂ?"

"ವಾಸನೆ ಹಿಡಿಯೋ ಜೀನುಗಳನ್ನಮ್ಮ. ಇಲಿಗೆ ಕೆಲಸ ಮಾಡೋವು ಸಾವಿರಕ್ಕೂ ಹೆಚ್ಚು. ನಮಗೆ ನಾನೂರರ ಆಸುಪಾಸು. ಅಂಥವು ನಮ್ಮಲ್ಲಿ ಇನ್ನೂ ಎಷ್ಟೋ ಇವೆ, ಆದ್ರೆ ಕೆಟ್ಟು ಕೂತಿವೆ."

"ಯಾಕೆ ಕೆಟ್ವು?"

"ಜೀನು ಯಾವ ಪ್ರಾಣೀಲಾದ್ರೂ ಆಗಾಗ ಕೆಡುತ್ತೆ. ಇಲಿಗೆ ಬೇಕಾದ್ದು ಕೆಟ್ರೆ ಅದು ಬೆಕ್ಕಿನ ಬಾಯಿಗೆ ಹೋಗುತ್ತೆ, ಅದರ ವಂಶ ಉಳಿಯಲ್ಲ. ನಮ್ಮ ಪೂರ್ವಿಕರು ಕಣ್ಣನ್ನ ನಂಬ್ಕೊಂಡ್ರು ಅಂತ ಕೆಲವರು ಹೇಳ್ತಾರೆ. ಮೂಗು ಅರ್ಧ ಕೆಟ್ರೂ ಯಾರೂ ಸಾಯ್ಲಿಲ್ಲ."

ಯಾರೂ ಸಾಯಲಿಲ್ಲ ಎಂಬ ಮಾತನ್ನು ಇಲಿಯಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ.

ಆ ದಿನ ಬೆಳಿಗ್ಗೆ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಚೆಲ್ಲಿದ್ದನ್ನು ಒರೆಸಿ, ಕಿಟಕಿ ಮುಚ್ಚಿದ ಅಡುಗೆಮನೆಯಲ್ಲೇ ನಿಂತು ನಿಧಾನವಾಗಿ ತಲೆ ಬಾಚಿ ಜಡೆ ಹಾಕಿಕೊಂಡಿದ್ದಳು. ರಾತ್ರಿ ಪಾಳಿ ಮುಗಿಸಿ ಒಳಕೋಣೆಯಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸದೆ ಬಾಗಿಲೆಳೆದುಕೊಂಡು ಬಂದಿದ್ದಳು.

ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದಳು. ದಿನವೂ ಕೈ ಮೂಸಲು ಓಡಿಬರುತ್ತಿದ್ದ ಹೆಣ್ಣಿಲಿ ಹಿಂದಕ್ಕೆ ಸರಿಯಿತು. ಮುಂದಿನದರಲ್ಲೂ ಅದೇ. ಇನ್ನೊಂದರಲ್ಲಿ ತಾಯಿಯೊಂದು ಮರಿಗಳನ್ನು ಬಾಯಲ್ಲಿ ಕಚ್ಚಿ ದೂರದ ಮೂಲೆಗೆ ಒಯ್ದಿತು. ಹಾಸಿಗೆ ಕೆಟ್ಟಿರಬೇಕು ಎಂದುಕೊಂಡಳು. ಇಷ್ಟು ದಿನ ಇಲಿಗಳು ಅವಳಿಗೆ ಹೇಳಿದ್ದೆಲ್ಲ ಹಾಸಿಗೆಯ ವಿಷಯವನ್ನೇ ಅಲ್ಲವೇ? ಒಂದು ಸಾಲಿನ ಹೊಟ್ಟನ್ನೆಲ್ಲ ತೆಗೆದು ಹೊಸದು ಹಾಕಿದಳು. ಪುಣ್ಯಾತ್ಗಿತ್ತಿ, ಎಷ್ಟು ಹೊತ್ತು ಹಾಳು ಮಾಡಿದಳು! ಹೊಸ ಹಾಸಿಗೆಯಲ್ಲೂ ಇಲಿಗಳು ಹಿಂಜರಿದವು. ಗೌನು ಬದಲಿಸಿದಳು, ಕೈ ತೊಳೆದಳು. ಮತ್ತೆ ಬಗ್ಗಿದಾಗ ಟೋಪಿಯಿಂದ ಜಡೆ ಜಾರಿ ಮುಂದೆ ಬಿತ್ತು. ಇಲಿಗಳು ದಿಕ್ಕಾಪಾಲಾದವು.

ನಾತ ಪೆಟ್ಟಿಗೆಯದ್ದಲ್ಲ, ತನ್ನ ತಲೆಯದ್ದು. ಅಂದರೆ ಮನೆಯಿಂದ ಬಂದದ್ದು. ಯಾರನ್ನಾದರೂ ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಹೇಳಲು ನಾಚಿಕೆಯಾಗಬೇಕು, ಅಂಥ ಹೊತ್ತಿನಲ್ಲೂ ಆಕೆ ಡಾಕ್ಟರಮ್ಮನ ಬಾಗಿಲ ಹೊರಗೆ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ನುಗ್ಗಿದಳು.

"ಮೇಡಂ, ನನ್ನ ತಲೆ ಮೂಸಿ ನೋಡಿ. ಏನು ವಾಸನೆ?"

ಡಾಕ್ಟರಮ್ಮ ಮುಖ ಸಿಂಡರಿಸಿದರು. "ನಿಮಗೇ ಗೊತ್ತಾಗ್ತಿಲ್ವಾ? ಅಡುಗೆ ಗ್ಯಾಸಿನ ನಾತ."

"ಗೊತ್ತಾಗಲ್ಲ ಮೇಡಂ. ನನಗೆ ವಾಸನೇನೇ ಬರಲ್ಲ. ಮನೇಲಿ ಮಗಳು ಮಲಗಿದ್ದಾಳೆ."

ಬೆಳಿಗ್ಗೆ ಆರಿದ ಒಲೆಯ ಗುಂಡಿ ತಿರುಗಿಸಿ ಬಂದ ನೆನಪಾಗಲಿಲ್ಲ. ಮಗಳು ಎದ್ದವಳೇ ಮಾಡುವ ಮೊದಲ ಕೆಲಸ ಚಹಾಕ್ಕೆ ಒಲೆ ಹಚ್ಚುವುದು. ಅವಳ ಫೋನು ಬಂದ್ ಆಗಿತ್ತು. ಪಕ್ಕದ ಮನೆಯ ದರ್ಜಿ ಫೋನೆತ್ತಿದ.

"ಅಣ್ಣ, ಮನೆ ತುಂಬ ಗ್ಯಾಸ್ ತುಂಬಿದೆ. ಬೆಂಕಿ ಗೀರಬೇಡ, ಸ್ವಿಚ್ ಮುಟ್ಟಬೇಡ. ಕಿಟಕಿ ಒಡಿ, ಮಗಳು ಒಳಗಿದ್ದಾಳೆ."

ಗಾಜು ಒಡೆದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಡಾಕ್ಟರಮ್ಮನೇ ಕಾರು ಓಡಿಸಿದರು. ಕೆಂಪು ದೀಪ ಬಿದ್ದಲ್ಲೆಲ್ಲ ಇಲಿಯಮ್ಮ ಸೀಟಿನ ಅಂಚು ಹಿಡಿದು, ತಮ್ಮ ಬೀದಿಯ ಕಡೆ ಹೊಗೆ ಏಳುತ್ತಿದೆಯೇ ಎಂದು ಆಕಾಶ ನೋಡುತ್ತಿದ್ದಳು.

ಮಗಳು ದರ್ಜಿಯ ಅಂಗಡಿಯ ಮುಂದೆ ಕೂತಿದ್ದಳು. ಮುಖ ಬಿಳಿಚಿತ್ತು, ವಾಂತಿ ಮಾಡಿಕೊಂಡಿದ್ದಳು. "ಎಬ್ಬಿಸಿದ್ರೆ ಏಳ್ಲೇ ಇಲ್ಲ ಅಕ್ಕ, ಎಳ್ಕೊಂಡು ಬಂದೆ," ಎಂದ ದರ್ಜಿ. ಇಲಿಯಮ್ಮ ಅವಳ ಕಾಲ ಬಳಿ ಕುಸಿದು ಕೂತಳು. ಕೆಲಸದ ಮಾತನ್ನು ಡಾಕ್ಟರಮ್ಮ ಎತ್ತಲಿಲ್ಲ. ಇಲಿಯಮ್ಮನಿಗೂ ಅದು ನೆನಪಿರಲಿಲ್ಲ.

"ಯಾವಾಗಿಂದಮ್ಮ?" ಮಗಳು ಕೇಳಿದಳು.

"ಜ್ವರ ಬಂತಲ್ಲ, ಅವಾಗಿಂದ. ಗೊತ್ತಾದ್ರೆ ತೆಗೆದುಹಾಕ್ತಾರೆ ಅಂತ ಭಯ ಆಯ್ತು ಕಣೆ. ಇಲಿಗಳನ್ನ ನೋಡ್ಕೊಂಡು ಹೇಗೋ ನಡೆಸ್ತಿದ್ದೆ."

ಮಗಳು ಹೇಳಿದಳು, "ನನಗೂ ಒಂದು ಮೂಗಿತ್ತಲ್ಲಮ್ಮ, ಅದೇ ಮನೇಲಿ. ನನ್ನನ್ನ ಕೇಳಬಾರ್ದಾಗಿತ್ತಾ?"

ಮಗಳ ಪಾದ ಇನ್ನೂ ತಣ್ಣಗಿತ್ತು. ಇಲಿಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿಕ್ಕುತ್ತಲೇ ಇದ್ದಳು.