ಕೆಮ್ಮಿದವನು ನಾನು

ಆ ಫೋನ್ ಮಾಡಿದ್ದು ಸೆಲ್ವಂ ಅಲ್ಲ, ನಾನು. ಅವರ ಕೆಮ್ಮನ್ನು ಕದ್ದು, ಅವರ ತಮಿಳು ಬೆರೆತ ಕನ್ನಡವನ್ನು ಕದ್ದು, ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಸ್ವಂತ ಅಣ್ಣನಿಗೇ ಫೋನ್ ಮಾಡಿದ ಕತ್ತೆ ನಾನು. ಊರಲ್ಲಿ ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ — ಮೇಷ್ಟ್ರು, ಕಂಡಕ್ಟರು, ಹುಡುಗಿಯರ ಮುಂದೆ ತೊದಲುವ ನನ್ನದೇ ದನಿ ಕೂಡ. ಆವತ್ತಿನದನ್ನೂ ಆಟ ಅಂದುಕೊಂಡೆನಲ್ಲ...

ಅಣ್ಣನಿಗೆ ನಾಲ್ಕು ಮಗ್ಗ, ಒಂದು ಹುಚ್ಚು. ಮಗ್ಗದ ಮನೆಗೆ ಅಂಟಿಕೊಂಡ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಸಮುದ್ರದ ಮೀನು, ಜೀವಂತ ಹವಳ ಸಾಕುತ್ತಿದ್ದ. ತೊಂಬತ್ತರ ದಶಕ, ನಮ್ಮ ಬೀದಿಯಲ್ಲಿ ಸಮುದ್ರ ನೋಡಿದವರೇ ಕಡಿಮೆ. ಎಲ್ಲವನ್ನೂ ತರಿಸಿಕೊಡುತ್ತಿದ್ದವರು ಬೆಂಗಳೂರಿನಲ್ಲಿ ಬಣ್ಣದ ಮೀನು ಮಾರುವ ಸೆಲ್ವಂ. ಮಾತಿಗೊಮ್ಮೆ ಕೆಮ್ಮುವ, ಸುಳ್ಳು ಹೇಳಲು ಬಾರದ ಮನುಷ್ಯ.

ತೊಟ್ಟಿಗೆ ಸಂಪು ಹಾಕಬೇಕೋ ಬೇಡವೋ — ಇದು ಅಣ್ಣನ ತಲೆಬಿಸಿ. ಮನೆಮುಂದೆ ನೆಲದಡಿ ಇರುವ ಸಂಪಲ್ಲ. ತೊಟ್ಟಿಯ ಕೆಳಗಿಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಕೆಳಗಿಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೆ ಹೋಗುತ್ತದೆ. ನೀರು ಹೆಚ್ಚಿದ್ದಷ್ಟೂ ಹವಳಕ್ಕೆ ಒಳ್ಳೆಯದಂತೆ. ಆದರೆ ನಿಮ್ಮೂರಲ್ಲಿ ಕರೆಂಟು ಹೋಗುತ್ತಿರುತ್ತದೆ, ಆತುರ ಬೇಡ, ನಾನೇ ಬಂದು ನೋಡಿ ಹೇಳುತ್ತೇನೆ ಎಂದಿದ್ದರು ಸೆಲ್ವಂ. ಅವರು ಬರುವವರೆಗೆ ನಮಗೆ ಊಟಕ್ಕೆ ಕೂತರೆ ಸಂಪು, ಎದ್ದರೆ ಸಂಪು. ಬೇಡವೇ ಬೇಡ ಎಂದು ಅತ್ತಿಗೆ ಗದರಿದರು. ಹಾಕಿ ಮುಗಿಸು ಎಂದು ನಾನಂದೆ. ಅಣ್ಣ ತಿರುಗಿಯೂ ನೋಡಲಿಲ್ಲ.

"ನೀನು ಕೋತಿಯಾಟ ಆಡ್ಕೊಂಡಿರು. ಸೆಲ್ವಂ ಹೇಳ್ಬೇಕು," ಎಂದ.

ಸರಿ, ಸೆಲ್ವಂ ಹೇಳಿದರು. ಕೆಮ್ಮಿದೆ. ಸಂಪು ಹಾಕಿ ಸಾರ್ ಎಂದೆ. ಅಲ್ಲಿಗೇ ಫೋನ್ ಇಡಬಹುದಿತ್ತು — ಇಡಲಿಲ್ಲ. ನನ್ನ ಹತ್ತಿರ ಹುಟ್ಟಿದಾಗಿನಿಂದ ತೋರಿಸದ ಮರ್ಯಾದೆಯನ್ನೆಲ್ಲ ತೋರಿಸಿ ಅಣ್ಣ, ಕೆಳಗಿನ ತೊಟ್ಟಿಗೆ ಎಷ್ಟು ನೀರು ಬಿಡಲಿ ಎಂದು ಕೇಳಿದ. ನನಗೇನು ಗೊತ್ತು? ಆದರೆ ಆ ದನಿಯೊಳಗೆ ಹೊಕ್ಕಿದ್ದಾಗ ಎಲ್ಲವೂ ಗೊತ್ತು ಅನ್ನಿಸುತ್ತದೆ.

"ಫುಲ್ಲಾಗಿ ತುಂಬ್ಸಿ ಸಾರ್. ಕಂಜೂಸ್ ಮಾಡ್ಬೇಡಿ."

ಸಂಪು ಕೂರಿಸಿ ತುಂಬಿಸಿದ. ಬಿಂದಿಗೆ ಎತ್ತಿಕೊಟ್ಟವನೂ ನಾನೇ.

ಆ ವಾರವೇ ಒಂದು ಮಧ್ಯಾಹ್ನ, ನಾವೆಲ್ಲ ಒಳಗೆ ಊಟ ಮಾಡುತ್ತಿದ್ದಾಗ ಕರೆಂಟು ಹೋಯಿತು. ಪಂಪು ನಿಂತಿತು, ಮೇಲಿನ ನೀರು ಮಾತ್ರ ನಿಲ್ಲಲಿಲ್ಲ. ಪೈಪಿನ ಬಾಯಿಯ ಮಟ್ಟಕ್ಕೆ ಇಳಿಯುವವರೆಗೂ ಕೆಳಗೆ ಸುರಿಯಿತು. ಕೆಳಗೆ ಜಾಗವೆಲ್ಲಿ? ಉಪ್ಪುನೀರು ಉಕ್ಕಿ, ಒಂದು ಮೆಟ್ಟಿಲು ತಗ್ಗಿನಲ್ಲಿದ್ದ ಮಗ್ಗದ ಮನೆಗೆ ಹರಿಯಿತು. ಚಾಪೆಯ ಮೇಲೆ ಮಡಿಸಿಟ್ಟಿದ್ದ ಮದುವೆ ಸೀರೆಗಳು ಅದನ್ನು ಕುಡಿದವು. ಅಂಚಿನ ಕೆಂಪು ಬಣ್ಣ ಬಿಟ್ಟು ಕೆನೆಬಣ್ಣದ ಒಡಲಿಗೆ ಹತ್ತಿತು. ಜರಿ ಕಪ್ಪಾಯಿತು. ಅತ್ತಿಗೆ ಒಂದೊಂದನ್ನೇ ಬಿಡಿಸಿ ನೋಡುತ್ತಿದ್ದರು.

ಮರುದಿನ ಅಣ್ಣ ನನ್ನನ್ನೂ ಎಳೆದುಕೊಂಡು ಬೆಂಗಳೂರಿಗೆ ಹೋದ. ಗಿರಾಕಿಗಳ ಎದುರಿಗೇ ಸೆಲ್ವಂ ಅವರ ಕಾಲರ್ ಹಿಡಿದ. ನಾನು ಫೋನೇ ಮಾಡಿಲ್ಲ, ಅಷ್ಟು ತುಂಬಿಸಿ ಅಂತ ಯಾವ ಹುಚ್ಚ ಹೇಳುತ್ತಾನೆ ಎಂದು ಅವರು ಕೆಮ್ಮುತ್ತಲೇ ಬೇಡಿಕೊಂಡರು. ಸುಳ್ಳುಗಾರ ಎಂದ ಅಣ್ಣ. ಆ ಹುಚ್ಚ ಎರಡು ಮಾರು ದೂರದಲ್ಲಿ ನಿಂತು, ಗಾಜಿನೊಳಗಿನ ಮೀನು ನೋಡುತ್ತಿದ್ದ.

ವರ್ಷಗಳಾದರೂ ನನ್ನ ಸಿಟ್ಟು ಆರಿಲ್ಲ. ಮನೆಯವರ ಮಾತು ಬಿಟ್ಟು ಫೋನಿನ ಕೆಮ್ಮನ್ನು ನಂಬಿದ ಅಣ್ಣನ ಮೇಲೆ ಸಿಟ್ಟು. ಮೊನ್ನೆ ಅವನಿಗೆ ಎಲ್ಲ ಹೇಳಿ, ಬಾ ಹೋಗಿ ಕ್ಷಮೆ ಕೇಳೋಣ ಎಂದರೆ, "ಹಳೇದೆಲ್ಲ ಯಾಕೋ ಕೆದಕ್ತೀಯ? ಈಗ ಹೋಗಿ ಕೈ ಮುಗಿದ್ರೆ ನನ್ ಮರ್ಯಾದೆ ಏನಾಗ್ಬೇಕು?" ಅಂದ. ಅವನ ಮರ್ಯಾದೆಯಂತೆ! ಮೈಯೆಲ್ಲ ಉರಿಯಿತು. ಆದರೆ ಎಷ್ಟು ಉರಿದರೂ ಆ ಬೆಂಕಿ ಕೊನೆಗೆ ಬಂದು ನಿಲ್ಲುವುದು — ಮೀನು ನೋಡುತ್ತಾ ನಿಂತವನ ಹತ್ತಿರವೇ.

ಒಬ್ಬನೇ ಹೋದೆ. ಸೆಲ್ವಂ ಅವರ ಕೂದಲು ನರೆತಿತ್ತು. ಯಾರ ದನಿಯನ್ನೂ ತೊಡದೆ ಮೊದಲಿಂದ ಕೊನೆಯವರೆಗೆ ಹೇಳಿದೆ. ಹೇಗೆ ಕೆಮ್ಮಿದೆ, ತೋರಿಸು ಎಂದರು. ಕೆಮ್ಮಿದೆ. ಅವರು ನಗಲಿಲ್ಲ. ಕೈಯಲ್ಲಿದ್ದ ಪುಟ್ಟ ಬಲೆಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

"ನನ್ ಕೆಮ್ಮು ಇಷ್ಟು ಚೆನ್ನಾಗಿ ಬರುತ್ತಲ್ಲಪ್ಪಾ ನಿನಗೆ. ಅವತ್ತು ನಿಮ್ಮಣ್ಣ ನನ್ ಕಾಲರ್ ಹಿಡಿದಾಗ, ನಿನ್ ದನಿ ಯಾಕೆ ಬರ್ಲಿಲ್ಲ?"